ನಿಮ್ಮ ಕೇಬಲ್ ಬಾಕ್ಸ್‌ಗೆ ಯಾರ ಮೊಬೈಲ್ ನಂಬರ್ ಕೊಟ್ಟಿದ್ದಾರೆ? ಇವತ್ತೇ ನೋಡಿ

ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದು, ಕೇಬಲ್ ಹುಡುಗ ಮನೆಗೇ ಬಂದು ದುಡ್ಡು ಇಸ್ಕೊಂಡು ಹೋಗುವ ಪದ್ಧತಿ ನಿಮ್ಮಲ್ಲೂ ಇದ್ದರೆ ಇದನ್ನು ಪೂರ್ತಿ ಓದಿ.

ಹಾಸನದ ನಮ್ಮ ಮನೆಯಲ್ಲಿ ಎರಡು ಟಿವಿ. ಕೆಳಗಿನದು ಅಮ್ಮನದು, ಸಂಜೆಯಾದರೆ ಕನ್ನಡ ಧಾರಾವಾಹಿ. ಮಾಳಿಗೆಯ ಹಳೇ ಡಬ್ಬಾ ಟಿವಿ ಅಪ್ಪನದು, ನ್ಯೂಸ್ ಮತ್ತು ಚಂದನ. ಇಷ್ಟಕ್ಕೆ 2023ರಲ್ಲಿ ತಿಂಗಳಿಗೆ 750 ರೂಪಾಯಿ ಹೋಗುತ್ತಿತ್ತು. ಕೆಳಗೆ 450, ಮೇಲೆ 300. ಅದೂ ಆರು ತಿಂಗಳ ಹಣ ಮುಂಗಡ, ರಸೀದಿ ಇಲ್ಲ. ಯಾಕಪ್ಪಾ ಇಷ್ಟು ಅಂದರೆ ಆಪರೇಟರ್ ಹೇಳುತ್ತಿದ್ದುದು ಒಂದೇ ಮಾತು: "ಟ್ರಾಯ್ ರೂಲ್ಸು ಸಾರ್, ನಮ್ಮ ಕೈಲೇನಿಲ್ಲ."

ಟ್ರಾಯ್ ಅಂದರೆ ಫೋನು, ಟಿವಿ ಸೇವೆಗಳಿಗೆ ನಿಯಮ ಮಾಡುವ ಕೇಂದ್ರದ ಪ್ರಾಧಿಕಾರ. ಅದರ ಹೆಸರು ಹೇಳಿಬಿಟ್ಟರೆ ಅಪ್ಪನಂಥವರು ಮರುಮಾತಾಡಲ್ಲ. ಸರ್ಕಾರದ್ದು ಅಂದಮೇಲೆ ಇರಬೇಕು ಅಂದುಕೊಳ್ಳುತ್ತಾರೆ. ಆ ವರ್ಷ ಫೆಬ್ರವರಿಯಲ್ಲಿ ಹೊಸ ದರ ಬಂದಿದ್ದೂ ನಿಜ. ದೊಡ್ಡ ಪ್ರಸಾರ ಕಂಪನಿಗಳಿಗೂ ಕೇಬಲ್ ಕಂಪನಿಗಳಿಗೂ ಜಗಳವಾಗಿ ಕೆಲವು ದಿನ ದೇಶದ ಎಷ್ಟೋ ಮನೆಗಳಲ್ಲಿ ಚಾನೆಲ್‌ಗಳೇ ಬಂದ್ ಆಗಿದ್ದವು. ಆ ಗಲಾಟೆಯ ಹೆಸರಲ್ಲಿ ನಮ್ಮ ಬಿಲ್ಲೂ ಏರಿತು.

ಆದರೆ ಆಗ ಇದ್ದ ರೂಲ್ಸು ಇವರು ಹೇಳಿದ್ದಕ್ಕೆ ಉಲ್ಟಾ. 2019ರಿಂದ ಬಂದ ವ್ಯವಸ್ಥೆಯಲ್ಲಿ ಬಿಲ್ಲಿಗೆ ಎರಡು ಭಾಗ. ಒಂದು ಕನೆಕ್ಷನ್ನಿನ ಚಾರ್ಜು, ಅದನ್ನೇ ಎನ್‌ಸಿಎಫ್ ಅನ್ನುವುದು. ಮೊದಲು 100 ಚಾನೆಲ್‌ಗೆ, 2020ರ ತಿದ್ದುಪಡಿಯ ನಂತರ 200 ಚಾನೆಲ್‌ಗೆ 130 ರೂಪಾಯಿ ಮೀರುವಂತಿರಲಿಲ್ಲ. ಇನ್ನೊಂದು, ನೀವು ಆರಿಸಿಕೊಂಡ ಪೇ ಚಾನೆಲ್‌ಗಳ, ಅಂದರೆ ದುಡ್ಡು ಕೊಟ್ಟು ನೋಡುವ ಚಾನೆಲ್‌ಗಳ ಬೆಲೆ. ಎಲ್ಲದರ ಮೇಲೆ 18% ಜಿಎಸ್‌ಟಿ. ಅದೇ ಮನೆಯ ಎರಡನೇ ಟಿವಿಗೆ ಎನ್‌ಸಿಎಫ್‌ನ 40% ಮಾತ್ರ ಹಾಕಬೇಕಿತ್ತು, ಅಂದರೆ 52 ರೂಪಾಯಿ. ಆ ಟಿವಿಗೆ ಬೇರೆಯೇ ಚಾನೆಲ್‌ಗಳನ್ನೂ ಆರಿಸಿಕೊಳ್ಳಬಹುದಿತ್ತು.

ನಮ್ಮನೆ ಲೆಕ್ಕ ನೋಡಿ. ಅಮ್ಮನಿಗೆ ನಾಲ್ಕು ಕನ್ನಡ ಚಾನೆಲ್, ಒಂದೊಂದಕ್ಕೂ 19 ರೂಪಾಯಿ ಅಂತಲೇ ಇಟ್ಟುಕೊಳ್ಳೋಣ. 130 ಮತ್ತು 76 ಸೇರಿ 206, ತೆರಿಗೆ ಸೇರಿ 243. ಅಪ್ಪ ನೋಡುವುದೆಲ್ಲ ಉಚಿತ ಚಾನೆಲ್, ಹಾಗಾಗಿ 52ರ ಮೇಲೆ ತೆರಿಗೆ ಸೇರಿ 61. ಎರಡೂ ಟಿವಿಗೆ ಕೂಡಿ ಸುಮಾರು 304 ರೂಪಾಯಿ. ನಾವು ಕೊಡುತ್ತಿದ್ದುದು 750.

ಉಳಿದ ದುಡ್ಡು ಎಲ್ಲಿಗೆ ಹೋಗುತ್ತಿತ್ತು? ಪ್ಯಾಕ್‌ಗೆ. ಎರಡೂ ಬಾಕ್ಸ್‌ಗೆ ಯಾವುದೋ "ಫ್ಯಾಮಿಲಿ" ಪ್ಯಾಕ್ ಏರಿಸಿದ್ದರು. ಅದರಲ್ಲಿ ತಮಿಳು, ತೆಲುಗು, ಹಿಂದಿ ಸಿನಿಮಾ, ಇಂಗ್ಲಿಷ್ ಪ್ರಾಣಿಪಕ್ಷಿ, ಮಕ್ಕಳ ಕಾರ್ಟೂನು, ಸಾಲು ಸಾಲು ಸ್ಪೋರ್ಟ್ಸ್. ಮನೆಯಲ್ಲಿ ಮಕ್ಕಳೇ ಇಲ್ಲ! ಒಂದೇ ಚಾನೆಲ್ಲಿನ ಎಚ್‌ಡಿ ಮತ್ತು ಸಾದಾ ಎರಡನ್ನೂ ಒಂದೇ ಪ್ಯಾಕ್‌ಗೆ ತುರುಕುವ ಹಾಗಿಲ್ಲ ಅಂತ ನಿಯಮ ಇದೆ. ಅದಕ್ಕೂ ದಾರಿ ಹುಡುಕಿದ್ದರು: ಕೆಳಗಿನ ಟಿವಿಗೆ ಸಾದಾ ಪ್ಯಾಕ್ ಒಂದು, ಅದರ ಮೇಲೆ ಎಚ್‌ಡಿ ಪ್ಯಾಕ್ ಇನ್ನೊಂದು. ಒಂದೇ ಧಾರಾವಾಹಿಗೆ ಎರಡು ಸಲ ದುಡ್ಡು. ಅಮ್ಮನ ಟಿವಿ ಎಚ್‌ಡಿ ಟಿವಿಯೇ ಅಲ್ಲ.

ಪ್ಯಾಕ್‌ನ ಆಟ ಅರ್ಥವಾಗದಿದ್ದರೆ ನೀವೂ ಬೀಳುತ್ತೀರಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರಸಾರ ಕಂಪನಿ ತನ್ನ ಚಾನೆಲ್‌ಗಳನ್ನು ಬಿಡಿಯಾಗಿ ಕೊಡಲೇಬೇಕು. ಜೊತೆಗೆ ಗುಂಪಾಗಿಯೂ ಮಾರಬಹುದು. ಗುಂಪಿಗೆ ಸೇರಬೇಕಾದ ಚಾನೆಲ್ಲಿನ ಬೆಲೆ 19 ದಾಟುವಂತಿಲ್ಲ, ಜನ ನೋಡುವ ಮುಖ್ಯ ಚಾನೆಲ್‌ಗಳ ಬೆಲೆ ಬಹುಪಾಲು ಅಲ್ಲೇ ಬಂದು ನಿಲ್ಲುವುದು ಅದಕ್ಕೇ. ಗುಂಪಿನ ಮೇಲೆ 45%ವರೆಗೆ ರಿಯಾಯಿತಿ ಕೊಡಬಹುದು. ಬಿಡಿ ಬೆಲೆ ಒಟ್ಟು 60 ರೂಪಾಯಿ ಆಗುವ ಚಾನೆಲ್‌ಗಳ ಗುಂಪು 33ಕ್ಕೆ ಸಿಗುತ್ತದೆ ಅಂದುಕೊಳ್ಳಿ. ಅದರಲ್ಲಿ ನಿಮಗೆ ಬೇಕಾದದ್ದು ಎರಡೇ, ಬಿಡಿಯಾಗಿ ಕೊಂಡರೆ 38. ಆಗ ಏನು ಮಾಡ್ತೀರಿ? ಗುಂಪೇ ತಗೋತೀರಿ. ಇಲ್ಲಿಯವರೆಗೂ ಸರಿ, ನಿಮಗೂ ಲಾಭವೇ. ಮೋಸ ಶುರುವಾಗುವುದು ಇದರ ಮುಂದೆ. ಒಂದು ಕಂಪನಿಯ ಗುಂಪು, ಇನ್ನೊಂದರ ಗುಂಪು, ಮತ್ತೊಂದರದ್ದು ಅಂತ ಪೇರಿಸಿ, ಆಪರೇಟರ್ ಅದಕ್ಕೆ ತನ್ನದೊಂದು ಹೆಸರಿಟ್ಟು, "ಬಿಡಿ ತಗೊಂಡ್ರೆ ಇನ್ನೂ ಜಾಸ್ತಿ ಆಗುತ್ತೆ" ಅನ್ನುತ್ತಾನೆ. 200 ಚಾನೆಲ್ ಬಿಡಿಯಾಗಿ ಕೊಂಡರೆ ಜಾಸ್ತಿ ಆಗುತ್ತದೆ, ಹೌದು. ನಿಮಗೆ ಬೇಕಾದ ನಾಲ್ಕಕ್ಕೆ ಎಷ್ಟಾಗುತ್ತದೆ ಅಂತ ಅವನು ಹೇಳಲ್ಲ. ಪೇ ಚಾನೆಲ್ಲಿನ ಬೆಲೆಯಲ್ಲಿ ಕನಿಷ್ಠ 20% ವಿತರಣೆ ಮಾಡುವವರ ಪಾಲು, ಅದರಲ್ಲಿ ಆಪರೇಟರ್‌ಗೂ ಒಂದು ಪಾಲು. ಪ್ಯಾಕ್ ದಪ್ಪ ಆದಷ್ಟೂ ಅವರಿಗೆ ಒಳ್ಳೆಯದು.

ನಿಯಮದ ಪ್ರಕಾರ ಗ್ರಾಹಕರು ಒಪ್ಪದೆ ಪೇ ಚಾನೆಲ್ ಏರಿಸುವ ಹಾಗಿಲ್ಲ. ಹಾಗಾದರೆ ನಮ್ಮನೆಯಲ್ಲಿ ಒಪ್ಪಿದ್ದು ಯಾರು?

ಬಾಕ್ಸ್‌ನ ಹಿಂದೆ ಇರುವ ನಂಬರ್ ಹಿಡಿದು ನಾನು ನಮ್ಮ ಆಪರೇಟರ್‌ಗೆ ಸಿಗ್ನಲ್ ಕೊಡುವ ಮುಖ್ಯ ಕೇಬಲ್ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಅಲ್ಲಿನ ಹುಡುಗಿ, "ನಿಮ್ಮ ರಿಜಿಸ್ಟರ್ಡ್ ನಂಬರಿನಿಂದ ಮಾಡಿ ಸಾರ್" ಅಂದಳು. ಅಪ್ಪನ ನಂಬರಿನಿಂದ ಮಾಡಿದೆ. ಅದಲ್ಲ. ಅಮ್ಮನದ್ದು, ಅದೂ ಅಲ್ಲ. ಕೊನೆಯ ನಾಲ್ಕು ಅಂಕಿ ಕೇಳಿದಾಗ ತಿಳಿಯಿತು, ಅದು ದುಡ್ಡು ವಸೂಲಿಗೆ ಬರುವ ಹುಡುಗನ ಮೊಬೈಲ್ ನಂಬರ್! ಪ್ಯಾಕ್ ಬದಲಾದರೆ ಬರುವ ಮೆಸೇಜು, ಓಟಿಪಿ, ಎಲ್ಲ ಅವನಿಗೇ ಹೋಗುತ್ತಿತ್ತು. ಒಪ್ಪಿಗೆ ಕೊಡುತ್ತಿದ್ದವನೂ ಅವನೇ. ನಮ್ಮ ಬೀದಿಯಲ್ಲಿ ವಿಚಾರಿಸಿದರೆ ಇನ್ನೂ ಕೆಲವು ಮನೆಗಳಲ್ಲಿ ಇದೇ ಕಥೆ. ವಯಸ್ಸಾದವರೇ ಇರುವ ಮನೆಗಳು ಅವೆಲ್ಲ.

ನಂಬರ್ ಬದಲಾಯಿಸಲು ಗುರುತಿನ ಚೀಟಿ ಕಳಿಸಿ, ಮೇಲಿಂದ ಮೇಲೆ ಫೋನ್ ಮಾಡಬೇಕಾಯಿತು. ಬದಲಾದ ಮೇಲೆ ಪ್ಯಾಕ್ ತೆಗೆಸಿದ್ದು ಒಂದೇ ಫೋನಿನ ಕೆಲಸ. ಆಮೇಲೆ ಶುರುವಾಯಿತು ನೋಡಿ, ವಾರಕ್ಕೊಮ್ಮೆ "ಕೇಬಲ್ ಕಟ್ಟಾಗಿದೆ". ರಿಪೇರಿಗೆ ಕರೆದರೆ ಹುಡುಗ ಊರಲ್ಲಿಲ್ಲ. ಅಮ್ಮ ಸೋತು, "ಹಳೇ ಪ್ಯಾಕೇ ಹಾಕಿಸಿಬಿಡೋ" ಅಂದರು. ಹಾಕಿಸಲಿಲ್ಲ. ಪ್ರತಿ ಸಲ ಕಂಪನಿಗೇ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಂಡೆ. ಆ ನಂಬರ್ ಓದಿ ಹೇಳಿದರೆ ಹುಡುಗ ಊರಿಗೆ ಬರುತ್ತಿದ್ದ.

ನೀವು ಮಾಡಬೇಕಾದ್ದು ಜಾಸ್ತಿ ಏನಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಕಂಪನಿಗೆ ಮನೆಯವರ ಮೊಬೈಲಿನಿಂದ ಫೋನ್ ಮಾಡಿ, ಅದೇ ನಂಬರ್ ದಾಖಲಾಗಿದೆಯಾ ಕೇಳಿ. ಯಾವ ಯಾವ ಪ್ಯಾಕ್ ಚಾಲ್ತಿಯಲ್ಲಿದೆ ಅಂತ ಹೆಸರು ಸಮೇತ ಹೇಳಿಸಿಕೊಳ್ಳಿ. ಗ್ರಾಹಕರ ಮಾಹಿತಿಗೆ ಅಂತ ಇಟ್ಟಿರುವ 999ನೇ ಚಾನೆಲ್ ಹಾಕಿ ನೋಡಿ. ರಸೀದಿ ಇಲ್ಲದೆ ಆರು ತಿಂಗಳದ್ದು, ವರ್ಷದ್ದು ಅಂತ ಮುಂಗಡ ಕೊಡಲೇಬೇಡಿ. ಯುಪಿಐನಲ್ಲಿ ಕಟ್ಟಿದರೆ ಲೆಕ್ಕವಾದರೂ ಉಳಿಯುತ್ತದೆ.

ಒಂದು ವಿಷಯ ಗಮನದಲ್ಲಿರಲಿ, ನಾನು ಮೇಲೆ ಹೇಳಿದ 130 ರೂಪಾಯಿಯ ಮಿತಿ ಈಗ ಇಲ್ಲ. 2024ರ ಜುಲೈನಲ್ಲಿ ಟ್ರಾಯ್ ಅದನ್ನು ತೆಗೆದುಹಾಕಿತು. ಎನ್‌ಸಿಎಫ್ ಎಷ್ಟು ಅಂತ ಕಂಪನಿಗಳೇ ತೀರ್ಮಾನಿಸಬಹುದು, ಆದರೆ ಆ ದರವನ್ನು ಪ್ರಕಟಿಸಿ ಗ್ರಾಹಕರಿಗೆ ತಿಳಿಸಬೇಕು. ಪೈಪೋಟಿಯಿಂದ ದರ ಇಳಿಯುತ್ತದೆ ಅನ್ನುವುದು ಇದರ ಹಿಂದಿನ ಲೆಕ್ಕಾಚಾರ. ಒಂದು ಬೀದಿಗೆ ಒಬ್ಬನೇ ಆಪರೇಟರ್ ಇರುವ ಕಡೆ ಯಾವ ಪೈಪೋಟಿ? ನನಗಂತೂ ನಂಬಿಕೆ ಇಲ್ಲ. ಆದ್ದರಿಂದ "ರೂಲ್ಸು" ಅಂದರೆ, ಪ್ರಕಟಿಸಿದ ದರಪಟ್ಟಿ ತೋರಿಸು ಅನ್ನಿ.

ಅಪ್ಪನ ಮಾಳಿಗೆ ಟಿವಿಗೆ ಈಗ ದೂರದರ್ಶನದ ಫ್ರೀ ಡಿಶ್ ಹಾಕಿಸಿದ್ದೇವೆ. ಡಿಶ್ಶು, ಬಾಕ್ಸು ಒಂದು ಸಲ ಕೊಂಡರೆ ಆಯಿತು, ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತದೆ. ಅಮ್ಮನ ಧಾರಾವಾಹಿಗಳು ಅದರಲ್ಲಿ ಬರಲ್ಲ, ಹಾಗಾಗಿ ಕೆಳಗೆ ಕೇಬಲ್ಲೇ ಇದೆ. ಹಳೇ ಮುಂಗಡದಲ್ಲಿ ಉಳಿದ ಹಣ ಮಾತ್ರ ವಾಪಸ್ ಬಂದಿಲ್ಲ. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆ. ಆಪರೇಟರ್ ಕೊಟ್ಟ ಉತ್ತರ, "ದುಡ್ಡು ತಗೊಂಡಿದ್ದಕ್ಕೆ ರಸೀದಿ ತೋರಿಸಿ."