ಸರ್ಪಸುತ್ತು ಬಂದು ಆಯಿ ಕಿವಿ ಮಂದ ಆಯ್ತು, ಶಿರಸಿಯ ಈ ಹಿಯರಿಂಗ್ ಸೆಂಟರ್ ಬಗ್ಗೆ

4 ಸ್ಟಾರ್ ಕೊಡ್ತಿದ್ದೇನೆ, ಒಂದು ಯಾಕೆ ಕಮ್ಮಿ ಅಂತ ಕಡೆಗೆ ಹೇಳ್ತೇನೆ.

ನಮ್ಮ ಆಯಿಗೆ (ಅಮ್ಮನಿಗೆ) 67. ಹೋದ ಚಳಿಗಾಲ ಅಡಿಕೆ ಸುಲಿತಾ ಇದ್ದಾಗ ಎಡಗಿವಿ ಒಳಗೆ ಚುಚ್ಚಿದಂಗೆ ನೋವು, ಮಾರನೇ ದಿನ ಕಿವಿ ಹಾಳೆ ಮೇಲೆ ಸಣ್ಣ ಸಣ್ಣ ನೀರುಗುಳ್ಳೆ. ಊರಲ್ಲಿ ಎಲ್ಲರೂ ಸರ್ಪಸುತ್ತು ಅಂದ್ರು, ಅದು ಸರಿಯೇ ಇತ್ತು, ಆದ್ರೆ ನಾವು ಕೆಮ್ಮಣ್ಣು ಹಚ್ಚಿ ನಾಗನಿಗೆ ಹರಕೆ ಹೇಳ್ಕೊಂಡು ಕೂತ್ವಿ, ಆಮೇಲೆ ತೋರಿಸಿದ ಒಬ್ಬ ಡಾಕ್ಟ್ರು ಕಿವಿ ಸೋರೋದಕ್ಕೆ ಹಾಕೋ ಡ್ರಾಪ್ಸ್ ಕೊಟ್ಟು ಕಳಿಸಿದ್ರು, ಅಷ್ಟರಲ್ಲಿ ನಾಲ್ಕು ದಿನ ಹೋಯ್ತು. ಐದನೇ ದಿನ ಚಾ ಕುಡಿಯುವಾಗ ಬಾಯಿ ಎಡಗಡೆಯಿಂದ ಸೋರಿತು, ಕಣ್ಣು ಮುಚ್ಚೋಕೆ ಆಗ್ಲಿಲ್ಲ, ತಲೆ ತಿರುಗಿ ವಾಂತಿ. ಆಗ ಇಎನ್‌ಟಿ ಹತ್ರ ಓಡಿದ್ವಿ, ರಾಮ್ಸೆ ಹಂಟ್, ಅಂದ್ರೆ ಸರ್ಪಸುತ್ತು ಕಿವಿ ಹತ್ರ ಮುಖದ ನರಕ್ಕೆ ಹತ್ತೋದು ಅಂತ ಹೇಳಿ ವೈರಸ್ಸಿಗೆ ಏಸೈಕ್ಲೋವಿರ್ 800 ಮಿ.ಗ್ರಾಂ ಮಾತ್ರೆ ದಿನಕ್ಕೆ 5 ಸಲ, ಜೊತೆಗೆ ಸ್ಟೀರಾಯ್ಡ್ ಕೊಟ್ರು. ಗುಳ್ಳೆ ಕಂಡ 3 ದಿನದ ಒಳಗೇ ಶುರು ಮಾಡಿದ್ರೆ ಒಳ್ಳೇದಿತ್ತು ಅಂದ್ರು, ಅದನ್ನ ನೆನೆಸಿಕೊಂಡ್ರೆ ಈಗಲೂ ಹೊಟ್ಟೆ ಉರಿತದೆ.

ಮುಖ ಮೂರು ತಿಂಗಳಲ್ಲಿ ಸುಮಾರು ಸರಿ ಆಯ್ತು, ಕಿವಿ ಆಗ್ಲಿಲ್ಲ. ರಾತ್ರಿ ಜೀರುಂಡೆ ಕೂಗ್ತದೆ, ಕಿಟಕಿ ಹಾಕು ಅಂತಿದ್ಲು, ಕಿಟಕಿ ಹಾಕಿದ್ರೂ ಕೂಗ್ತಿತ್ತು, ಸದ್ದು ಅವಳ ಕಿವಿ ಒಳಗೇ ಇತ್ತು. ತಾಳಮದ್ದಳೆಗೆ ಹೋದ್ರೆ ಮದ್ದಳೆ ಪೆಟ್ಟು ಕೇಳ್ತದೆ, ಅರ್ಥ (ಪಾತ್ರದ ಮಾತು) ಹೇಳೋದು ತಿಳೀತಿಲ್ಲ ಅಂದ್ಲು. ಒಂದು ಕ್ಯಾಂಪಲ್ಲಿ ಟೆಸ್ಟ್ ಮಾಡಿ ಸ್ವಲ್ಪ ಕಮ್ಮಿ ಅಷ್ಟೇ, ವಯಸ್ಸಾಯ್ತಲ್ಲ ಅಂದುಬಿಟ್ರು.

ಆ ರಿಪೋರ್ಟ್ ತಪ್ಪು ಅಂತ ಗೊತ್ತಾಗಿದ್ದು ಈ ಸೆಂಟರಿಗೆ ಬಂದ ಮೇಲೆ. ಇಲ್ಲಿಯ ಮೇಡಂ ಆಯಿನ್ನ ಸದ್ದು ಬರದ ಕೋಣೆಲಿ ಕೂರಿಸಿ, ಎಡಗಿವಿ ಟೆಸ್ಟ್ ಮಾಡುವಾಗ ಬಲಗಿವಿಗೆ ಸೋsss ಅಂತ ಮಳೆ ಹೊಯ್ದಂಗೆ ಒಂದು ಸದ್ದು ಬಿಟ್ರು. ಯಾಕೆ ಅಂದ್ರೆ ಎಡಕ್ಕೆ ಜೋರಾಗಿ ಕೊಟ್ಟ ಸದ್ದು ತಲೆಬುರುಡೆ ದಾಟಿ ಚಲೋ ಇರೋ ಕಿವಿಗೆ ಹೋಗ್ತದಂತೆ, ಆಯಿ ಆ ಕಿವಿಲಿ ಕೇಳಿ ಕೈ ಎತ್ತಿದ್ರೆ ಕೆಟ್ಟ ಕಿವಿ ಸರಿ ಇದ್ದಂಗೆ ಕಾಣ್ತದೆ. ಕ್ಯಾಂಪಲ್ಲಿ ಹೀಗೆ ಮಾಡಿರಲಿಲ್ಲ. ಕಿವಿ ಹಿಂದಿನ ಮೂಳೆಗೂ ಮಷಿನ್ ಇಟ್ಟು ನೋಡಿದ್ರು, ಕನ್ನಡ ಶಬ್ದ ಒಂದೊಂದೇ ಹೇಳಿ ತಿರುಗಿ ಹೇಳಿಸಿದ್ರು. ಎಡಗಿವಿಲಿ ಅರ್ಧಕ್ಕರ್ಧ ಶಬ್ದ ತಪ್ಪು. ಅದೇ ನಮ್ಮ ತಾಳಮದ್ದಳೆ ಕಥೆ.

ಆಮೇಲೆ ಕಿವಿಯ ಮಾದರಿ ಬಿಚ್ಚಿ ತೋರಿಸಿದ್ರು. ಸಣ್ಣಕಿದ್ದಾಗ ಬಂದ ಚಿಕನ್‌ಪಾಕ್ಸ್ ವೈರಸ್ಸೇ ನರದಲ್ಲಿ ಮಲಗಿದ್ದು ಮತ್ತೆ ಏಳೋದು, ಮುಖದ ನರ ಮತ್ತು ಕೇಳೋ ನರ ಒಂದೇ ಮೂಳೆ ಸುರಂಗದಲ್ಲಿ ಅಂಟಿಕೊಂಡು ಹೋಗ್ತಾವೆ, ಅದಕ್ಕೇ ಬಾವು ಒಂದರಿಂದ ಇನ್ನೊಂದಕ್ಕೆ, ತಲೆ ತಿರುಗಿದ್ದೂ ಅದೇ ನರದ ಕಾಟ. ಇಷ್ಟು ದಿನ ನಮಗೆ ಯಾರೂ ಇದನ್ನ ಕೂತು ಹೇಳಿರಲಿಲ್ಲ.

ಇವತ್ತೇ ಕಿವಿಗೆ ಹಾಕೋ ಮಷಿನ್ ತಗೊಳ್ಳಿ ಅನ್ನಲಿಲ್ಲ, ಇದು ದೊಡ್ಡ ಮಾತು. ಮೊದಲು ಇಎನ್‌ಟಿಗೆ ರಿಪೋರ್ಟ್ ತೋರಿಸಿ ಬನ್ನಿ ಅಂದು, ಆಮೇಲೆ 10 ದಿನ ಟ್ರಯಲ್ ಕೊಟ್ರು. ಜೋರು ಸದ್ದು ಆಯಿಗೆ ತಡೆಯೋಕೆ ಆಗ್ತಿರಲಿಲ್ಲ, ಎರಡು ಸಲ ಕರೆಸಿ ಅದನ್ನ ಕಮ್ಮಿ ಮಾಡಿದ್ರು, ದುಡ್ಡು ತಗೊಳ್ಳಲಿಲ್ಲ. ಮೊದಲಿನ ಕಿವಿ ವಾಪಸ್ ಬರ್ತದೆ ಅಂತ ಆಸೆ ಹುಟ್ಟಿಸ್ಲಿಲ್ಲ. ಈಗ ಮಷಿನ್ ಹಾಕಿದಾಗ ಜೀರುಂಡೆ ಹಿಂದೆ ಸರಿತದೆ, ಬಲಗಿವಿ ಅರ್ಥ ಹೇಳೋರ ಕಡೆ ಮಾಡಿ ಕೂತ್ರೆ ಅರ್ಥವೂ ತಿಳೀತದೆ ಅಂತಾಳೆ.

ನನಗೆ 52 ಅಂತ ಗೊತ್ತಾಗಿ ಸರ್ಪಸುತ್ತಿಗೆ ಲಸಿಕೆ ಇದೆ, 50 ದಾಟಿದವರಿಗೆ, ಎರಡು ಡೋಸ್, ಡಾಕ್ಟ್ರ ಹತ್ರ ಕೇಳಿ ಅಂತಲೂ ಹೇಳಿದ್ರು, ಕೇಳಿ ಮೊದಲನೇದು ಹಾಕಿಸಿಕೊಂಡೆ.

ಒಂದು ಸ್ಟಾರ್ ಕಮ್ಮಿ ಯಾಕೆ ಅಂದ್ರೆ ಸೆಂಟರ್ ಮೇಲಿನ ಮಾಳಿಗೆಲಿ, ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು. ತಲೆ ತಿರುಗೋರು ಬರೋ ಜಾಗ ಇದು, ಕೈ ಹಿಡಿಯೋಕೆ ಒಬ್ಬರನ್ನ ಕರ್ಕೊಂಡೇ ಬನ್ನಿ. ಮಳೆಗಾಲದಲ್ಲಿ ಮಷಿನ್ ಥಂಡಿ ಹಿಡಿತದೆ, ಒಣಗಿಸೋ ಡಬ್ಬಿ ಕೇಳಿ ಇಸ್ಕೊಳ್ಳಿ.