ಕಾರ್ಪೆಟ್ ಹಾಕುವ ಮೊದಲು ವೈರಿಂಗ್ ಕಣ್ಣಾರೆ ನೋಡಿ: ನನ್ನ ಹಾಟ್ ರಾಡ್‌ನಲ್ಲಿ ನನಗಾದ ಮೋಸ

ಯಾರಾದರೂ ಹಾಟ್ ರಾಡ್ (ಹಳೇ ಮಾದರಿಯ ಕಾರಿಗೆ ಜೋರಾದ ಇಂಜಿನ್ ಹಾಕಿ ಕಟ್ಟುವ ಗಾಡಿ) ಕಟ್ಟಿಸುತ್ತಿದ್ದರೆ, ಅದರಲ್ಲೂ ವೈರಿಂಗ್ ಮತ್ತು ಒಳಗಿನ ಫಿನಿಶಿಂಗ್ ಎರಡನ್ನೂ ಒಂದೇ ಗ್ಯಾರೇಜಿಗೆ ಕೊಟ್ಟಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ಎರಡು ವಾರದಿಂದ ಬರೆಯೋಣ ಅಂತ ಕೂರುತ್ತೇನೆ, ಎದ್ದು ಹೋಗುತ್ತೇನೆ. ಸಿಟ್ಟು ಒಂದು ಕಡೆ, ನಾಚಿಕೆ ಇನ್ನೊಂದು ಕಡೆ. 6,850 ಡಾಲರ್ ಹೋಯಿತು. ಅದು ಹೋಗಲಿ. ನನ್ನ 9 ವರ್ಷದ ಮಗಳು ಪಕ್ಕದ ಸೀಟಿನಲ್ಲಿ ಕೂತಿದ್ದಾಗ ಡ್ಯಾಶ್‌ಬೋರ್ಡ್ ಕೆಳಗಿಂದ ಹೊಗೆ ಬಂತು. ಅದನ್ನು ಮಾತ್ರ ನನ್ನಿಂದ ಮರೆಯೋಕೆ ಆಗುತ್ತಿಲ್ಲ.

ನಾನು ಸಕಲೇಶಪುರದ ಕಡೆಯವನು. 12 ವರ್ಷದಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ ಇದ್ದೇನೆ. ಅಪ್ಪ ತೋಟಕ್ಕೆ ಅಂತ ಹಳೇ ಮಹೀಂದ್ರಾ ಜೀಪ್ ಇಟ್ಟಿದ್ದರು, ಗಾಡಿ ಹುಚ್ಚು ಅಲ್ಲಿಂದಲೇ ಹತ್ತಿದ್ದು. ಇಲ್ಲಿಗೆ ಬಂದ ಮೇಲೆ 1932ರ ಫೋರ್ಡ್ ರೋಡ್‌ಸ್ಟರ್, ಅಂದರೆ ಮೇಲೆ ತೆರೆದ ಪುಟ್ಟ ಕಾರಿನ ಮೇಲೆ ಮನಸ್ಸು ಹೋಯಿತು. ಇಲ್ಲಿನವರು ಅದನ್ನು ಡ್ಯೂಸ್ ಅನ್ನುತ್ತಾರೆ. ಸಾಮಾನ್ಯ ಜನ ಕೊಳ್ಳುವ ಬೆಲೆಗೆ ಫೋರ್ಡ್ ವಿ8 ಇಂಜಿನ್ ಕೊಟ್ಟಿದ್ದು ಆ ವರ್ಷವೇ, 65 ಹಾರ್ಸ್‌ಪವರ್. ಹಳೇ ಡ್ಯೂಸ್‌ಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡ್ ಬಿಚ್ಚಿ ಭಾರ ಇಳಿಸಿ, ಎಲ್ ಮಿರಾಜ್‌ನಂಥ ಒಣಗಿದ ಕೆರೆಗಳಲ್ಲಿ ಹುಡುಗರು ರೇಸ್ ಓಡಿಸಿದ್ದರಿಂದಲೇ ಹಾಟ್ ರಾಡ್ ಅನ್ನೋದು ಬೆಳೆದಿದ್ದು. ಅಸಲಿ ಉಕ್ಕಿನ ಬಾಡಿ ನನ್ನ ಕೈಗೆ ಎಟುಕುವುದಲ್ಲ. ನನ್ನದು ಫೈಬರ್ ಗ್ಲಾಸ್ ಬಾಡಿ, ಹೊಸ ಚಾಸಿ, ಷೆವಿ 350 ಇಂಜಿನ್. 4 ವರ್ಷ ಶನಿವಾರ, ಭಾನುವಾರ ಅನ್ನದೆ ನಾನೇ ಜೋಡಿಸಿದೆ. ವೈರಿಂಗ್ ಹತ್ತಿರ ಬಂದಾಗ ಮಾತ್ರ ಧೈರ್ಯ ಸಾಲಲಿಲ್ಲ. ತಪ್ಪಾದರೆ ಗಾಡಿಯೇ ಸುಟ್ಟು ಹೋಗುತ್ತದೆ, ಗೊತ್ತಿರುವವರ ಕೈಗೇ ಕೊಡೋಣ ಅಂದುಕೊಂಡೆ.

ವೈರಿಂಗ್ ಕಿಟ್ ಕೂಡ ನಾನೇ ತಂದು ಕೊಟ್ಟಿದ್ದೆ. 12 ಸರ್ಕ್ಯೂಟ್‌ನದು. ಒಂದೊಂದು ವೈರಿಗೂ ಬೇರೆ ಬಣ್ಣ, ವೈರಿನ ಮೇಲೇ ಉದ್ದಕ್ಕೂ ಅದು ಯಾವುದಕ್ಕೆ ಅಂತ ಅಚ್ಚು ಹಾಕಿರುತ್ತಾರೆ. 125 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುವ ಹೊದಿಕೆ. ಗ್ಯಾರೇಜ್ ಮಾಲೀಕ ಡಬ್ಬ ತೆಗೆದು ನೋಡಿ, "ಒಳ್ಳೇ ಮಾಲು ತಂದಿದ್ದೀಯ ಮೈ ಫ್ರೆಂಡ್, ನನ್ನ ಕೆಲಸ ಸುಲಭ ಮಾಡಿದೆ" ಅಂದ. ಮಾತಾಗಿದ್ದು 4,200 ಡಾಲರ್, 3 ವಾರ. ವೈರಿಂಗ್, ಡ್ಯಾಶ್, ಕಾರ್ಪೆಟ್, ಬಾಗಿಲಿನ ಪ್ಯಾನೆಲ್ ಎಲ್ಲ ಸೇರಿ. 2,000 ಅಡ್ವಾನ್ಸ್ ಕೊಟ್ಟೆ. ಎಲ್ಲವೂ ಬಾಯಿ ಮಾತಿನಲ್ಲಿ, ಮೆಸೇಜಿನಲ್ಲಿ.

3 ವಾರ 5 ತಿಂಗಳಾಯಿತು. ಕೇಳಿದಾಗಲೆಲ್ಲ ಒಂದು ಉತ್ತರ. ಹುಡುಗರು ಪೊಮೋನಾದ ಕಾರ್ ಶೋಗೆ ಹೋಗುವ ಗಾಡಿ ಮೇಲೆ ಕೂತಿದ್ದಾರೆ. ಬಣ್ಣದವನು ಬರಲಿಲ್ಲ. ನಿನ್ನ ಗಾಡಿಯದು ನಾಜೂಕಿನ ಕೆಲಸ, ಅವಸರ ಮಾಡಬೇಡ. ನಾಲ್ಕನೇ ತಿಂಗಳಲ್ಲಿ ನಾನು ಸ್ವಲ್ಪ ಜೋರಾಗಿ ಕೇಳಿದೆ. ಅವತ್ತು ಸಂಜೆಯೇ 6 ಫೋಟೋ ಬಂದವು. ಎಷ್ಟು ಚೆಂದದ ಕೆಲಸ ಅಂತೀರಿ! ಬಟ್ಟೆಯ ಸ್ಲೀವ್ ಒಳಗೆ ವೈರುಗಳು ಒಂದರ ಪಕ್ಕ ಒಂದು, ಸೇವಂತಿಗೆ ಮಾಲೆ ಕಟ್ಟಿದ ಹಾಗೆ. ತೂತು ಇರುವ ಕಡೆಯೆಲ್ಲ ರಬ್ಬರ್ ಬುಷ್. ನೋಡಿದ ಖುಷಿಗೆ ಅವತ್ತು ರಾತ್ರಿಯೇ ಇನ್ನೂ 2,500 ಕಳಿಸಿಬಿಟ್ಟೆ.

ಫೋಟೋಗಳನ್ನು ಊರಿಗೂ ಕಳಿಸಿದೆ. ಅಪ್ಪ ಮಾರನೇ ದಿನ ಫೋನ್ ಮಾಡಿ, "ಏನೋ ಮಗ, ಬ್ರೇಕ್ ಪೆಡಲ್ ಮೇಲಿಂದ ಇಳಿಬಿದ್ದಂಗದೆ ಕಣೋ. ನಿಂದು ನಮ್ಮ ಜೀಪಿನ ಥರ ನೆಲದಿಂದ ಬರೋದು ಅಂದಿದ್ದೆ ಅಲ್ವಾ?" ಅಂದರು.

ನಾನೇನು ಹೇಳಿದೆ ಗೊತ್ತಾ? "ಅದು ಫೋಟೋ ತೆಗೆದ ರೀತಿ ಅಪ್ಪಾ, ಹಾಗೆ ಕಾಣುತ್ತೆ" ಅಂದೆ. ಆ ಪೆಡಲ್ ಅನ್ನು ನೆಲದ ತೂತಿನಿಂದ ಮೇಲಕ್ಕೆ ತಂದು ಕೂರಿಸಿದ್ದು ನಾನೇ. ಮಾಸ್ಟರ್ ಸಿಲಿಂಡರ್ ಚಾಸಿಗೆ ಬಿಗಿದಿದ್ದು ನಾನೇ. ಆ ಫೋಟೋ ನಾನು ಇಪ್ಪತ್ತು ಸಲ ನೋಡಿರಬಹುದು. ಬೇರೆ ಯಾರದೋ ಗಾಡಿಯ ಫೋಟೋ ಅದು. ಸಾವಿರಾರು ಮೈಲಿ ದೂರ ಕೂತ 74 ವರ್ಷದ ಮನುಷ್ಯನಿಗೆ ಮೊಬೈಲಿನಲ್ಲಿ ಕಂಡಿದ್ದು ನನಗೆ ಕಾಣಲಿಲ್ಲ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಗಾಡಿ ತರೋಕೆ ಹೋದ ದಿನ ಕೊನೆಯ ಬಿಲ್ 2,350. ಮಾತಾಡಿದ್ದಕ್ಕಿಂತ ಅಷ್ಟು ಜಾಸ್ತಿ ಯಾಕೆ ಅಂದರೆ "ಎಕ್ಸ್‌ಟ್ರಾ ಪಾರ್ಟ್ಸ್" ಅಂದ. ಬಿಲ್ಲಿನಲ್ಲಿ ಫ್ಯಾನ್ ರಿಲೇ ಇತ್ತು (ಫ್ಯಾನಿನ ಜೋರು ಕರೆಂಟ್ ಡ್ಯಾಶಿನ ಸ್ವಿಚ್ ಮೂಲಕ ಹೋಗದ ಹಾಗೆ ನೋಡಿಕೊಳ್ಳುವ ಡಬ್ಬಿ), ಬ್ಯಾಟರಿ ಕಟ್-ಆಫ್ ಸ್ವಿಚ್ ಇತ್ತು (ಗಾಡಿಯ ಕರೆಂಟನ್ನು ಒಂದೇ ಸಲಕ್ಕೆ ಕಡಿಯುವುದು). ಕಾರ್ಪೆಟ್ ಅಂಟಿಸಿ ಆಗಿತ್ತು, ಪ್ಯಾನೆಲ್ ಎಲ್ಲ ಮುಚ್ಚಿಯಾಗಿತ್ತು. ಹೊರಗಿಂದ ನೋಡಿದರೆ ಶೋರೂಂ ಗಾಡಿ. ಕೊಟ್ಟೆ, ತಂದೆ.

ಮೊದಲ ವಾರವೇ ಒಂದೊಂದಾಗಿ ಶುರುವಾಯಿತು. ಎಡಗಡೆ ಇಂಡಿಕೇಟರ್ ಹಾಕಿದರೆ ಹಿಂದಿನ ಎರಡೂ ದೀಪ ಮಿಣಮಿಣ ಅನ್ನೋದು. ಬ್ರೇಕ್ ಒತ್ತಿದರೆ ಡ್ಯಾಶ್ ಲೈಟ್ ಮಂಕಾಗೋದು. ಗಾಡಿ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ಇದು ಅರ್ತ್ ಸಮಸ್ಯೆ, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ ಸರಿಯಿಲ್ಲ. ಫೈಬರ್ ಬಾಡಿಯಲ್ಲಿ ಕರೆಂಟ್ ಹರಿಯುವುದಿಲ್ಲ. ಉಕ್ಕಿನ ಬಾಡಿಗೆ ಮಾಡಿದ ಹಾಗೆ ದೀಪವನ್ನು ಸ್ಕ್ರೂ ಹಾಕಿ ಬಿಗಿದರೆ ಅರ್ತ್ ಸಿಗೋದೇ ಇಲ್ಲ. ಪ್ರತಿ ದೀಪಕ್ಕೂ ಬೇರೆ ಅರ್ತ್ ವೈರ್ ಎಳೆದು ಚಾಸಿಗೆ, ಅದೂ ಪೇಂಟ್ ಕೆರೆದು ಬರಿ ಲೋಹಕ್ಕೆ, ಬಿಗಿಯಬೇಕು. ಫೋನ್ ಮಾಡಿದೆ. "ನೀನು ಎಲ್‌ಇಡಿ ಬಲ್ಬ್ ಹಾಕಿದ್ದೀಯ, ಅದಕ್ಕೆ" ಅಂದ. ಹಾಕಿದ್ದು ಅವನೇ.

ಪೆಟ್ರೋಲ್ ಗೇಜಿನ ಕಥೆ ಕೇಳಿ. ಟ್ಯಾಂಕ್ ಫುಲ್ ಮಾಡಿಸಿದೆ, ಮುಳ್ಳು ಖಾಲಿ ಹತ್ತಿರ ನಿಂತಿದೆ. ಫೋನ್ ಮಾಡಿದರೆ, "ಹೊಸ ಗೇಜ್, ಸೆಟ್ ಆಗೋಕೆ ಟೈಮ್ ಬೇಕು, ಸ್ವಲ್ಪ ಓಡಿಸು, ತಾನೇ ಏರುತ್ತೆ" ಅಂದ. ಓಡಿಸಿದೆ. ನಿಜವಾಗಿಯೂ ಏರಿತು! ದಿನಾ ಒಂದಿಷ್ಟು ಏರಿತು. ನಾನು ಅವನನ್ನು ನಂಬಿದೆ. ಮುಳ್ಳು ಮುಕ್ಕಾಲು ದಾಟಿದ ದಿನ ಗಾಡಿ ಸಿಗ್ನಲ್‌ನಲ್ಲಿ ಕೆಮ್ಮಿ ನಿಂತಿತು. ಟ್ಯಾಂಕಿನಲ್ಲಿ ಒಂದು ತೊಟ್ಟು ಇರಲಿಲ್ಲ. ಆಮೇಲೆ ಗೊತ್ತಾಯಿತು. ನನ್ನ ಗೇಜ್ ಜಿಎಂ (ಜನರಲ್ ಮೋಟಾರ್ಸ್) ಲೆಕ್ಕದ್ದು, ಖಾಲಿ ಇದ್ದರೆ 0 ಓಮ್ಸ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ), ತುಂಬಿದರೆ 90. ಟ್ಯಾಂಕಿಗೆ ಅವನು ಹಾಕಿದ, ಪೆಟ್ರೋಲ್ ಮಟ್ಟವನ್ನು ಗೇಜಿಗೆ ತಿಳಿಸುವ ಫ್ಲೋಟ್ ಹಳೇ ಫೋರ್ಡ್ ಲೆಕ್ಕದ್ದು, ಖಾಲಿ ಇದ್ದರೆ 73, ತುಂಬಿದರೆ 10. ಪೆಟ್ರೋಲ್ ಇಳಿದಷ್ಟೂ ಮುಳ್ಳು ಏರುತ್ತದೆ. 30 ವರ್ಷದಿಂದ ಇದೇ ಕೆಲಸ ಅನ್ನುವವನಿಗೆ ಇದು ಗೊತ್ತಿರಲಿಲ್ಲವಾ? ಗೊತ್ತಿದ್ದೂ "ಸೆಟ್ ಆಗುತ್ತೆ" ಅಂದನಾ? ಎರಡರಲ್ಲಿ ಯಾವುದಾದರೂ ನನಗೆ ಒಂದೇ.

ಆಗಲೇ ನಾನು ಗಾಡಿ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಫ್ಲೋಟ್ ಮಾತ್ರ ಬದಲಾಯಿಸಿಕೊಂಡೆ. ಜುಲೈಯ ಒಂದು ಭಾನುವಾರ ಮಗಳನ್ನು ಕೂರಿಸಿಕೊಂಡು ಹೈವೇ 160ರಲ್ಲಿ ಹೊರಟೆ. ಸ್ಯಾಕ್ರಮೆಂಟೊ ನದಿಯ ಏರಿ ಮೇಲೆ ಹೋಗುವ ರಸ್ತೆ ಅದು, ಪಕ್ಕದಲ್ಲೇ ನೀರು, ಕೆಳಗೆ ಪೇರ್ (pear) ಹಣ್ಣಿನ ತೋಟಗಳು. ಬಿಸಿಲು ಜೋರಿತ್ತು, ಇಂಜಿನ್ ಫ್ಯಾನ್ ಒಂದೇ ಸಮ ಓಡುತ್ತಿತ್ತು. ವಾಲ್‌ನಟ್ ಗ್ರೋವ್ ದಾಟಿದ ಮೇಲೆ ಮಗಳು, "ಅಪ್ಪಾ, ಏನೋ ಸುಟ್ಟ ವಾಸನೆ" ಅಂದಳು. ನಾನು ಬಗ್ಗಿ ನೋಡುವಷ್ಟರಲ್ಲಿ ಅವಳ ಮೊಣಕಾಲಿನ ಹತ್ತಿರ ತೆಳ್ಳಗೆ ಬಿಳಿ ಹೊಗೆ. ಗಾಡಿ ಬದಿಗೆ ಹಾಕಿ ಅವಳನ್ನು ಎತ್ತಿ ಆಚೆ ನಿಲ್ಲಿಸಿದೆ. ಕೀ ತೆಗೆದೆ. ಫ್ಯಾನ್ ನಿಲ್ಲಲಿಲ್ಲ! ಸ್ವಿಚ್ ಆಫ್ ಮಾಡಿದೆ, ಅದೂ ಕೇಳಲಿಲ್ಲ, ಒಳಗೆ ಕರಗಿ ಅಂಟಿಕೊಂಡಿತ್ತು. ಕಟ್-ಆಫ್ ಸ್ವಿಚ್ ಹುಡುಕಿದೆ. ಡಿಕ್ಕಿಯಲ್ಲಿ ಇಲ್ಲ, ಸೀಟಿನ ಕೆಳಗೆ ಇಲ್ಲ, ಎಲ್ಲೂ ಇಲ್ಲ. ದುಡ್ಡು ಕೊಟ್ಟ ಸ್ವಿಚ್ ಗಾಡಿಯಲ್ಲೇ ಇಲ್ಲ. ಬ್ಯಾಟರಿ ಡಿಕ್ಕಿಯಲ್ಲಿದೆ, ನನ್ನ ಹತ್ತಿರ ಸ್ಪ್ಯಾನರ್ ಇಲ್ಲ. ಹಿಂದೆ ಬರುತ್ತಿದ್ದ ಒಂದು ಪಿಕಪ್‌ನವನು ನಿಲ್ಲಿಸಿ ಓಡಿ ಬಂದು ಟರ್ಮಿನಲ್ ಬಿಚ್ಚಿದ. ಆ ಪುಣ್ಯಾತ್ಮನ ಹೆಸರೂ ಕೇಳಲಿಲ್ಲ ನಾನು. ಮಗಳು ರಸ್ತೆ ಬದಿಯಲ್ಲಿ ನನ್ನ ಟೋಪಿ ಎದೆಗೆ ಅವುಚಿಕೊಂಡು ನಿಂತಿದ್ದಳು.

ಟೋ ಮಾಡಿಸಿ ಬೇರೊಬ್ಬ ಎಲೆಕ್ಟ್ರಿಷಿಯನ್ ಹತ್ತಿರ ತೆಗೆದುಕೊಂಡು ಹೋದೆ. 60 ದಾಟಿದ ಹಿರಿಯರು, ಮೆಕ್ಸಿಕೊ ಕಡೆಯವರು, ಮಾತು ಕಮ್ಮಿ. ಕಾರ್ಪೆಟ್ ಕಿತ್ತರು. ಕೆಳಗೆ ಹೆಂಚಿನ ಮನೆ ಅಟ್ಟದ ಜೇಡರ ಬಲೆ ಥರ ವೈರು. ನನ್ನ ಕಿಟ್ಟಿನ ಬಣ್ಣದ ವೈರುಗಳು ಫ್ಯೂಸ್ ಬಾಕ್ಸಿನಿಂದ ಒಂದು ಮೊಳ ಬಂದು ನಿಂತಿವೆ. ಅಲ್ಲಿಂದಾಚೆ ಎಲ್ಲವೂ ಒಂದೇ ಬಣ್ಣ, ಕಪ್ಪು, ಅಗ್ಗದ ವೈರು. ಜೋಡಿಸಿದ್ದು ನೀಲಿ ಬಣ್ಣದ ಒತ್ತುವ ಕ್ಲಿಪ್ಪುಗಳಲ್ಲಿ, ಇಲ್ಲವೇ ಸುಮ್ನೆ ತಿರುಚಿ ಟೇಪ್ ಸುತ್ತಿ. ನನ್ನ ಕಿಟ್ಟಿನ ಉಳಿದ ವೈರ್ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಅವರು ರಿಲೇ ತೋರಿಸಿದರು. ಬಾನೆಟ್ ಎತ್ತಿದರೆ ಕಣ್ಣಿಗೆ ಹೊಡೆಯುವ ಹಾಗೆ, ಹೊಸದಾಗಿ, ನೀಟಾಗಿ ಬಿಗಿದ ರಿಲೇ. ಅದರಿಂದ 4 ವೈರು ಹೊರಟು ಸ್ಲೀವ್ ಒಳಗೆ ಹೋಗುತ್ತವೆ. ಅವರು ಏನೂ ಹೇಳಲಿಲ್ಲ, ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ನಾಲ್ಕೂ ಕೈಗೆ ಬಂದುಬಿಟ್ಟವು. ಒಂದು ಗೇಣು ಉದ್ದ. ತುದಿ ಕತ್ತರಿಸಿ ಟೇಪ್ ಸುತ್ತಿತ್ತು. ಎಲ್ಲಿಗೂ ಕೊಟ್ಟೇ ಇಲ್ಲ. ನನಗೆ ತೋರಿಸೋಕೆ ಅಂತಲೇ ಇಟ್ಟ ರಿಲೇ ಅದು. ಅಸಲಿಗೆ ಫ್ಯಾನಿಗೆ ಕರೆಂಟ್ ಹೋಗುತ್ತಿದ್ದದ್ದು ಬ್ಯಾಟರಿಯಿಂದ ಸೀದಾ ಡ್ಯಾಶಿನ ಸ್ವಿಚ್ಚಿಗೆ, ಅಲ್ಲಿಂದ ಫ್ಯಾನಿಗೆ, 16 ಗೇಜಿನ ತೆಳು ವೈರಿನಲ್ಲಿ. ಫ್ಯಾನ್ ಎಳೆಯೋದು 25 ಆಂಪ್ಸ್ ಹತ್ತಿರ. ಹಾಕಿದ ಫ್ಯೂಸ್ 30. ಫ್ಯೂಸ್ ಹೋಗೋದೇ ಇಲ್ಲ, ವೈರೇ ಕಾದು ಕರಗುತ್ತದೆ. ಬ್ಯಾಟರಿ ಕೇಬಲ್ ತುದಿಯನ್ನು ಚಾಕುವಿನಲ್ಲಿ ಕೆರೆದು ತೋರಿಸಿದರು. ಒಳಗೆ ಬೆಳ್ಳಗೆ ಹೊಳೆಯಿತು. ತಾಮ್ರ ಅಲ್ಲ, ತಾಮ್ರದ ಲೇಪ ಇರುವ ಅಲ್ಯೂಮಿನಿಯಂ. ಸೈಲೆನ್ಸರ್ ಪೈಪಿನ ಪಕ್ಕದಲ್ಲೇ, ಫ್ಯೂಸ್ ಇಲ್ಲದೆ, ಡಿಕ್ಕಿಯಿಂದ ಮುಂದಕ್ಕೆ ಎಳೆದಿದ್ದ.

ಗ್ಯಾರೇಜಿಗೆ ಹೋಗಿ ಆ 4 ತುಂಡು ವೈರನ್ನು ಅವನ ಟೇಬಲ್ ಮೇಲೆ ಇಟ್ಟೆ. ಅವನ ಉತ್ತರಗಳನ್ನು ಹೇಳಿದ ಹಾಗೇ ಬರೆಯುತ್ತೇನೆ. "ನಿನ್ನ ಸ್ವಿಚ್ಚಿಗೆ ರಿಲೇ ಹೊಂದಲಿಲ್ಲ, ಬೈಪಾಸ್ ಮಾಡಿದೆವು." ಹಾಗಾದರೆ ರಿಲೇ ದುಡ್ಡು ಯಾಕೆ? "ರಿಲೇ ಗಾಡಿಯಲ್ಲೇ ಇದೆಯಲ್ಲ." ಕಟ್-ಆಫ್ ಸ್ವಿಚ್? "ಅದು ಆರ್ಡರ್ ಮಾಡಿದ್ದೇವೆ." ಫೋಟೋ? ಅದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದ. "ನಮ್ಮ ಕೆಲಸ ಹೇಗಿರುತ್ತೆ ಅಂತ ಕಳಿಸಿದ್ದು. ನಿನ್ನ ಗಾಡಿಯದು ಅಂತ ನಾನು ಹೇಳಿದ್ದೀನಾ?" ಅಂದ. ಮೆಸೇಜ್ ತೆಗೆದು ನೋಡಿದೆ. ಹೌದು, ಹೇಳಿಲ್ಲ. "ಚೆನ್ನಾಗಿ ಬರ್ತಾ ಇದೆ" ಅಂತ ಅಷ್ಟೇ ಬರೆದಿದ್ದಾನೆ. ಕೊನೆಗೆ, "ಮೈ ಫ್ರೆಂಡ್, ಇದು ಹಾಟ್ ರಾಡ್, ಟೊಯೋಟಾ ಅಲ್ಲ. ಇವುಗಳಲ್ಲಿ ಸಣ್ಣಪುಟ್ಟ ತೊಂದರೆ ಇದ್ದೇ ಇರುತ್ತೆ" ಅಂದ. ನನ್ನ ಮಗಳ ಮೊಣಕಾಲ ಹತ್ತಿರ ಬಂದ ಹೊಗೆ ಅವನಿಗೆ ಸಣ್ಣಪುಟ್ಟ ತೊಂದರೆ.

ಕ್ಯಾಲಿಫೋರ್ನಿಯಾದಲ್ಲಿ ಬ್ಯೂರೋ ಆಫ್ ಆಟೊಮೋಟಿವ್ ರಿಪೇರ್ ಅಂತ ಸರ್ಕಾರಿ ಇಲಾಖೆ ಇದೆ. ರಿಪೇರಿ ಮಾಡುವವರು ಕೆಲಸ ಶುರು ಮಾಡುವ ಮೊದಲು ಎಸ್ಟಿಮೇಟ್ ಬರೆದು ಕೊಡಬೇಕು, ಅದು ದಾಟಿದರೆ ನಮ್ಮನ್ನು ಕೇಳಬೇಕು ಅಂತ ನಿಯಮ ಇದೆ. ಅಲ್ಲಿಗೆ ದೂರು ಕೊಟ್ಟಿದ್ದೇನೆ. ಅದಕ್ಕೆ ಅವನ ಉತ್ತರ, "ಇದು ರಿಪೇರಿ ಅಲ್ಲ, ಬಿಲ್ಡ್."

ನಿಮಗೆ ನಾನು ಹೇಳೋದು ಇಷ್ಟೇ. ಕಾರ್ಪೆಟ್, ಪ್ಯಾನೆಲ್ ಮುಚ್ಚೋಕೆ ಬಿಡಬೇಡಿ. ಮುಚ್ಚುವ ಮೊದಲು ಖುದ್ದಾಗಿ ಹೋಗಿ, ನಿಮ್ಮ ಫೋನಿನಲ್ಲಿ, ನಿಮ್ಮ ಗಾಡಿಯ ಪೆಡಲ್ ಕಾಣುವ ಹಾಗೆ ಫೋಟೋ ತೆಗೆಯಿರಿ. ಅವರು ಕಳಿಸಿದ ಫೋಟೋ ನೋಡಿ ಒಂದು ಡಾಲರ್ ಕೂಡ ಕೊಡಬೇಡಿ. ರಿಲೇ ವೈರ್ ಎಳೆದು ನೋಡಿ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಕೇಬಲ್ ಕೆರೆದು ನೋಡಿ. ಫೈಬರ್ ಬಾಡಿ ಆಗಿದ್ದರೆ ಪ್ರತಿ ದೀಪದ ಅರ್ತ್ ಎಲ್ಲಿ ಬಿಗಿದಿದ್ದೀರಿ ಅಂತ ಬೆರಳಿಟ್ಟು ತೋರಿಸಲು ಹೇಳಿ. ಬ್ಯಾಟರಿ ಬಿಚ್ಚುವ ಸ್ಪ್ಯಾನರ್ ಗಾಡಿಯಲ್ಲೇ ಇಟ್ಟಿರಿ. ಸ್ಯಾಕ್ರಮೆಂಟೊ ಸುತ್ತಮುತ್ತ ಗ್ಯಾರೇಜ್ ಹುಡುಕುತ್ತಿರುವ ನಮ್ಮವರು ಯಾರಾದರೂ ಇದ್ದರೆ ದುಡ್ಡು ಕೊಡುವ ಮೊದಲು ನನಗೊಂದು ಮೆಸೇಜ್ ಹಾಕಿ.

ಈಗ ಆ ಹಿರಿಯರು ಮೊದಲಿಂದ ವೈರಿಂಗ್ ಮಾಡುತ್ತಿದ್ದಾರೆ. ಶನಿವಾರ ಶನಿವಾರ ನಾನೂ ಹೋಗಿ ಪಕ್ಕದಲ್ಲಿ ಕೂತು ವೈರಿನ ತುದಿಗೆ ಲೋಹದ ಲಗ್ ಒತ್ತಿ ಕೊಡುತ್ತೇನೆ. ಪ್ರತಿ ವಾರ ಒಳಗಿನ ಫೋಟೋ ತೆಗೆದು ಅಪ್ಪನಿಗೆ ಕಳಿಸುತ್ತೇನೆ. ಕಾರ್ಪೆಟ್ ಸುತ್ತಿ ಮನೆಯ ಗ್ಯಾರೇಜಿನ ಮೂಲೆಯಲ್ಲಿ ಇಟ್ಟಿದ್ದೇನೆ. ಅಪ್ಪ ನೋಡಿ ಸರಿ ಅಂದ ಮೇಲೇ ಅದನ್ನು ಹಾಕೋದು.