ಹಿತ್ತಾಳೆ ಪಾತ್ರೆ, ಕಲಾಯಿ ಮತ್ತು ಕಂಠದ ಬಿರುಕು: ಕಲಬುರಗಿಯಿಂದ ಹಲವು ವರ್ಷಗಳ ಬಳಕೆಯ ವಿಮರ್ಶೆ

ಹಿತ್ತಾಳೆ ಪಾತ್ರೆಗೆ ಆನ್‌ಲೈನ್‌ನಲ್ಲಿ ಐದು ಸ್ಟಾರ್ ಕೊಡುವವರು ಬಹಳ. ಆದರೆ ಹೆಚ್ಚಿನವರು ಡಬ್ಬಿ ಬಿಚ್ಚಿದ ದಿನವೇ ಬರೆದಿರುತ್ತಾರೆ. ಹೊಳಪು ನೋಡಿ ಬರೆಯುವುದು ಸುಲಭ, ಅಲ್ವಾ? ನಮ್ಮಲ್ಲಿ ಅಜ್ಜಿ ಕಾಲದ, ಕೈಯಿಂದ ಬಡಿದು ಮಾಡಿದ ಪಾತ್ರೆಗಳಿವೆ. ನಾವೇ ಕೊಂಡ ಮೆಷಿನ್ ಪಾತ್ರೆಗಳೂ ಇವೆ. ಕಲಬುರಗಿ ಮನೆಯಲ್ಲಿ ಬೇಳೆ ಬೇಯುವುದು ಹಿತ್ತಾಳೆ ಬೋಗುಣಿಯಲ್ಲೇ. ಸೇಡಂ ಕಡೆಯ ಊರಮನೆಯಲ್ಲಿ ಹಾಲು ಹಿಂಡುವುದು ಹಿತ್ತಾಳೆ ತಂಬಿಗೆಯಲ್ಲಿ.

ಮೊದಲು ತಂಬಿಗೆಯ ವಿಷಯ. ಹೊಸದು ತೆಳು ತಗಡಿನದು, ಕನ್ನಡಿಯಂಥ ಪಾಲಿಶ್. ಹಾಲು ಹಿಂಡಿ ತೊಳೆದ ಮೇಲೆ ದನದ ಕೊಟ್ಟಿಗೆಯ ಗೂಡಿನಲ್ಲೇ ಇಡುವುದು ನಮ್ಮಲ್ಲಿ ರೂಢಿ. ಮಳೆಗಾಲ ಮುಗಿಯುವ ಹೊತ್ತಿಗೆ ಅದರಿಂದ ಹಾಲು ಹನಿಯತೊಡಗಿತು. ಬೆಳಕಿಗೆ ಹಿಡಿದು ನೋಡಿದರೆ ಬಾಯಿಯ ಅಂಚಿನಿಂದ ಕಂಠದ ಕೆಳಗಿನವರೆಗೆ ಕೂದಲೆಳೆಯಷ್ಟು ಸೀಳು. ಎಲ್ಲೂ ತಗ್ಗಿಲ್ಲ, ಪೆಟ್ಟಿನ ಗುರುತಿಲ್ಲ. ಉಗುರು ಆಡಿಸಿದರೆ ಅಂಚು ಚೂಪಾಗಿ ಹತ್ತುತ್ತಿತ್ತು. ಅಂಗಡಿಯವರು "ಕೆಡವೀರಿ ನೀವು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಅದೇ ಗೂಡಿನಲ್ಲಿ ವರ್ಷಗಟ್ಟಲೆ ಇದ್ದ ಅಜ್ಜಿಯ ತಂಬಿಗೆಗೆ ಏನೂ ಆಗಿರಲಿಲ್ಲ.

ಇದರ ಕಾರಣ ಸಿಕ್ಕಿದ್ದು ಪಾತ್ರೆಯ ಲೋಕದಲ್ಲಲ್ಲ, ಬಂದೂಕಿನ ಲೋಕದಲ್ಲಿ. ರೈಫಲ್ ತೋಟಾದ ಕೋಶವೂ ಹಿತ್ತಾಳೆಯದೇ. ನೂರು ಪಾಲಿನಲ್ಲಿ 70 ತಾಮ್ರ, 30 ಸತು. ಬಿಲ್ಲೆಯನ್ನು ಹಂತಹಂತವಾಗಿ ಒತ್ತಿ, ಎಳೆದು ಕೊಳವೆ ಮಾಡುತ್ತಾರೆ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯದಲ್ಲಿ ಇಟ್ಟಿರುತ್ತಿತ್ತು. ಮಳೆ ನಿಂತ ಮೇಲೆ ತೆಗೆದರೆ ಕೋಶಗಳು ತಾವಾಗಿಯೇ ಸೀಳಿರುತ್ತಿದ್ದವು, ಅದರಲ್ಲೂ ಗುಂಡನ್ನು ಬಿಗಿಹಿಡಿದ ಬಾಯಿಯ ಹತ್ತಿರ. ಕಾರಣ ಸ್ಪಷ್ಟವಾಗಿದ್ದು 1921ರಲ್ಲಿ. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ತೇವದ ಗಾಳಿ, ಜೊತೆಗೆ ಒತ್ತಿ ಎಳೆದಾಗ ಲೋಹದೊಳಗೆ ಉಳಿದುಬಿಟ್ಟ ಬಿಗಿತ. ಮೂರೂ ಸೇರಿದರೆ ಹಿತ್ತಾಳೆ ಬಿರಿಯುತ್ತದೆ. ಲಾಯದ ಬದಲು ಕೊಟ್ಟಿಗೆ, ಕುದುರೆಯ ಬದಲು ಎಮ್ಮೆ ಎಂದುಕೊಳ್ಳಿ, ನಮ್ಮ ತಂಬಿಗೆಯ ಕಥೆಯೂ ಅದೇ.

ಇದಕ್ಕೆ ಮದ್ದು ಬೆಂಕಿ. ಬಡಿದಷ್ಟೂ ಹಿತ್ತಾಳೆ ಗಡುಸಾಗುತ್ತದೆ. ಹಾಗಾಗಿ ಕಂಚುಗಾರರು ನಡುನಡುವೆ ಮಂದ ಕೆಂಪಾಗುವ ತನಕ ಕಾಯಿಸಿ ಮೆತ್ತಗೆ ಮಾಡಿಕೊಂಡು ಮತ್ತೆ ಬಡಿಯುತ್ತಾರೆ. ಕಾದದ್ದನ್ನು ನೀರಿಗೆ ಹಾಕಿದರೂ ಉಕ್ಕಿನ ಹಾಗೆ ಗಡುಸಾಗುವುದಿಲ್ಲ. ತಯಾರಾದ ಪಾತ್ರೆಯ ಬಿಗಿತ ಇಳಿಸಲು ಅಷ್ಟು ಶಾಖವೂ ಬೇಡ, 250ರಿಂದ 300 ಡಿಗ್ರಿ ಸಾಕು. ಅಗ್ಗದ ಮೆಷಿನ್ ಪಾತ್ರೆಗೆ ಕೊನೆಯ ಈ ಕಾವು ಕೊಟ್ಟಿರುತ್ತಾರೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಪಾಲಿಶ್ ಎಲ್ಲ ಮುಚ್ಚಿಬಿಡುತ್ತದೆ. ಉಳಿದ ಹೊಸ ತಂಬಿಗೆಗಳ ಕಂಠವನ್ನು ಪರಿಚಯದ ಕಂಚುಗಾರರ ಹತ್ತಿರ ಕಾಯಿಸಿಕೊಂಡೆವು. ಹೊಳಪು ಹೋಗಿ ಕಂಠದ ಸುತ್ತ ಕಂದು ಬಣ್ಣ ನಿಂತಿತು. ಅಂದಿನಿಂದ ಒಂದೂ ಸೀಳಿಲ್ಲ. ಗೂಡನ್ನೂ ಕೊಟ್ಟಿಗೆಯಿಂದ ಅಡುಗೆಮನೆಗೆ ಬದಲಿಸಿದ್ದೇವೆ, ಹಾಗಾಗಿ ಪೂರ್ತಿ ಶ್ರೇಯಸ್ಸು ಬೆಂಕಿಗೆ ಕೊಡಲಾರೆ.

ಈ ಕೆಲಸ ಬಲ್ಲವರು ಸಿಗುವುದೇ ಕಷ್ಟ. ಪಾತ್ರೆ ಅಂಗಡಿಗೆ ಹೋಗಿ ಕೇಳಿದರೆ "ಹಳೇದು ಹಾಕ್ರಿ, ಹೊಸದು ತೊಗೋರಿ" ಎನ್ನುತ್ತಾರೆ. ದಯವಿಟ್ಟು ಹಾಕಬೇಡಿ. ದಪ್ಪ ತಳದ ಹಳೆಯ ಬೋಗುಣಿಯನ್ನು ತೂಕದ ಲೆಕ್ಕಕ್ಕೆ ಕೊಟ್ಟರೆ ಅಂಥದ್ದು ಮತ್ತೆ ಸಿಗುವುದಿಲ್ಲ.

ಕಲಾಯಿಯದು, ಅಂದರೆ ಪಾತ್ರೆಯ ಒಳಗೆ ಬಳಿಯುವ ತವರದ ಲೇಪದ್ದು, ಇನ್ನೊಂದು ಕಥೆ. ಹುಣಸೆಹುಳಿ, ಟೊಮ್ಯಾಟೊ ಬೀಳುವ ಪಾತ್ರೆಗೆ ಕಲಾಯಿ ಇರಲೇಬೇಕು, ಇಲ್ಲದಿದ್ದರೆ ತಾಮ್ರ ಸಾರಿಗೆ ಇಳಿಯುತ್ತದೆ. ನಾವು ಹೋಗುವ ಚಾಚಾ ಕೆಲಸವನ್ನು ಎದುರಿಗೇ ಮಾಡುತ್ತಾರೆ. ಪಾತ್ರೆ ಕಾದ ಮೇಲೆ ನವಸಾಗರದ (ಅಮೋನಿಯಂ ಕ್ಲೋರೈಡ್) ಪುಡಿ ಎರಚಿದರೆ ಗಪ್ಪನೆ ಬಿಳಿ ಹೊಗೆ ಏಳುತ್ತದೆ. ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಒಂದೇ ಸುತ್ತು ಒರೆಸಿದರೆ ಹಳದಿ ಪಾತ್ರೆಯ ಒಳಗೆಲ್ಲ ಬೆಳ್ಳಿಯ ಬಣ್ಣ. ತವರ ಶುದ್ಧವೇ ಎಂದು ಕೇಳಿದ್ದಕ್ಕೆ ಕಡ್ಡಿಯನ್ನೇ ಕೈಗೆ ಕೊಟ್ಟರು. "ಕಿವಿ ಹತ್ರ ಹಿಡದು ಬಗ್ಗಿಸ್ರಿ ಅಣ್ಣಾ. ಚಿರ್ ಅಂತದ. ಸೀಸ ಹಂಗ ಅನ್ನಂಗಿಲ್ಲ." ನಿಜವಾಗಿಯೂ ಚಿರ್ ಎಂದಿತು. ಬೆಸುಗೆಗೆ ಬಳಸುವ ಸೀಸ ಬೆರೆತ ತವರ 183 ಡಿಗ್ರಿಗೇ ಕರಗುತ್ತದೆ, ಅಗ್ಗವೂ ಹೌದು. ಅದನ್ನು ಅಡುಗೆ ಪಾತ್ರೆಗೆ ಹಾಕುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.

ನವಸಾಗರ ನಮ್ಮ ಸೀಮೆಗೆ ಹೊಸದಲ್ಲ. ಪಕ್ಕದ ಬೀದರಿನಲ್ಲಿ ಬಿದರಿ ಪಾತ್ರೆಯನ್ನು ಕಪ್ಪು ಮಾಡಲು ಕೋಟೆಯ ಮಣ್ಣಿನ ಜೊತೆ ಸೇರಿಸುವುದೂ ಇದನ್ನೇ. ಆದರೆ ಇದರೊಳಗೂ ಅಮೋನಿಯಾದ ಅಂಶ ಇದೆ. ಅದಕ್ಕೇ ಕಲಾಯಿ ಮಾಡಿಸಿ ತಂದ ಪಾತ್ರೆಯನ್ನು ಹೊರಮೈ, ಅಂಚಿನ ಮಡಿಕೆ ಸಹಿತ ಚೆನ್ನಾಗಿ ತೊಳೆದು ಒಣಗಿಸಿ ಇಡುತ್ತೇವೆ.

ದಿನಾ ಬೇಳೆ ಬೇಯಿಸಿದರೆ ನಮ್ಮ ಬೋಗುಣಿಗೆ ಕಲಾಯಿ ಹೆಚ್ಚುಕಡಿಮೆ ಒಂದು ವರ್ಷ ಬರುತ್ತದೆ. ಸ್ಟೀಲ್ ಸ್ಕ್ರಬ್ಬರ್ ಹಾಕಿದರೆ ಅರ್ಧಕ್ಕೇ ಹೋಯಿತು, ತೆಂಗಿನ ನಾರು ಸಾಕು. ಖಾಲಿ ಪಾತ್ರೆ ಗ್ಯಾಸ್ ಮೇಲೆ ಇಡಲೇಬಾರದು. ತವರ ಕರಗುವುದು 232 ಡಿಗ್ರಿಗೆ, ದೊಡ್ಡ ಉರಿಯಲ್ಲಿ ಅದು ಬೇಗ ಬಂದುಬಿಡುತ್ತದೆ. ಒಗ್ಗರಣೆಗೆ ಎಣ್ಣೆ ಕಾಯಲು ಇಟ್ಟು ಫೋನ್ ಹಿಡಿದುಕೊಂಡರೆ ತಳದಲ್ಲಿ ತವರ ಗುಳ್ಳೆಗಟ್ಟಿ ಒಂದು ಕಡೆ ಸರಿದಿರುತ್ತದೆ. ನಾವು ಒಗ್ಗರಣೆಯನ್ನು ಕಬ್ಬಿಣದ ಸೌಟಿನಲ್ಲಿ ಕೊಟ್ಟು ಮೇಲೆ ಸುರಿಯುತ್ತೇವೆ.

ಬೇಳೆಗೆ ದಪ್ಪ ಬೋಗುಣಿಗೆ ಐದಕ್ಕೆ ಐದು. ನಮ್ಮ ತೊಗರಿಬೇಳೆ ಇದರಲ್ಲಿ ತಳ ಹಿಡಿಯದೆ ಬೇಯುತ್ತದೆ. ತೆಳು ತಗಡಿನ ಹೊಳೆಯುವ ತಂಬಿಗೆಗೆ ಎರಡು, ಅದೂ ಪೂಜೆಗೆ ಇಡುವುದಾದರೆ. ಕೊಳ್ಳುವಾಗ ಕಂಠವನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, ತಗಡು ಒಳಗೆ ಹೊರಗೆ ಆಡಿದರೆ ಬಿಟ್ಟುಬಿಡಿ. ಕಲಾಯಿ ಮಾಡಿಸುವವರು ದೀಪಾವಳಿ, ಯುಗಾದಿಯ ಮುಂಚಿನ ವಾರ ಹೋಗಬೇಡಿ. ಆಗ ಪಾತ್ರೆಗಳ ರಾಶಿ ಬಿದ್ದಿರುತ್ತದೆ, ಎದುರಿಗೆ ಕೂತು ಮಾಡಿಸಿಕೊಳ್ಳಲು ಆಗುವುದಿಲ್ಲ.